ಹನ್ನೊಂದು ಹೊಲಿಗೆಯಷ್ಟು ಮೌನ

ಕಾಯುವುದಕ್ಕೂ ಒಬ್ಬ ಒಡೆಯನಿರುತ್ತಾನೆಂಬುದು ನಮಗೆ ತಿಳಿದದ್ದು ಒಂದು ರಿಜಿಸ್ಟರ್ ಪತ್ರದಿಂದ. ಹುಬ್ಬಳ್ಳಿಯ ಗಿರಣಿ ಚಾಳಿನಲ್ಲಿ, ನಮ್ಮ ಮಹಿಳಾ ಸಂಘದ ಉದ್ದ ಮೇಜಿನ ಮೇಲಿದ್ದ ತಂತಿಚೂರುಗಳನ್ನು ಆಚೆ ಸರಿಸಿ, ಪತ್ರ ಬಿಡಿಸಿ, ಸಂಘದ ಕಾರ್ಯದರ್ಶಿಯಾದ ನಾನೇ ಗಟ್ಟಿಯಾಗಿ ಓದಿದೆ.

"ಎರಡು ಸಾಧನಗಳು ತಮ್ಮ ನಡುವಿನ ದತ್ತಾಂಶದ ವೇಗವನ್ನು ಗೊತ್ತುಮಾಡಿಕೊಳ್ಳುವಾಗ, ನಿಧಾನವಾದ ಸಾಧನಕ್ಕಾಗಿ ಹನ್ನೊಂದು ಕಾಲಘಟಕಗಳಷ್ಟು ಮೌನವಾಗಿ ಕಾಯುವ ವಿಧಾನವು ಕ್ಷಿಪ್ರಜಾಲ ಸಂಸ್ಥೆಯ ಪೇಟೆಂಟ್ ಸ್ವತ್ತು. ನೀವು ಆಸ್ಪತ್ರೆಗಳಲ್ಲಿ ಅಳವಡಿಸಿರುವ ಪೆಟ್ಟಿಗೆಗಳು ನಮ್ಮ ಅನುಮತಿಯಿಲ್ಲದೆ ಕಾಯುತ್ತಿವೆ. ಅವನ್ನು ಕೂಡಲೇ ತೆಗೆಯತಕ್ಕದ್ದು."

ಮೇಜಿನ ಆ ತುದಿಯಲ್ಲಿ ಬೆಸುಗೆ ಹಾಕುತ್ತಿದ್ದ ನಿಂಬೆವ್ವ ತಲೆ ಎತ್ತಲಿಲ್ಲ. "ಇನ್ನೊಮ್ಮೆ ಓದ ಬೇ, ಗುರುಬಸಕ್ಕ," ಎಂದಳು.

ಓದಿದೆ.

"ಹಂಗಾರ ನನ್ನ ಗಂಡ ಊರು ಬಿಟ್ಟು ಹೋದಾಗ ಒಂಬತ್ತು ವರ್ಷ ಹಾದಿ ಕಾದ್ನಲ್ಲ, ಅದಕ್ಕೂ ಇವ್ರ ಪರವಾನಿಗಿ ಬೇಕಿತ್ತೇನು? ಮೊದಲ ಹೇಳಿದ್ರ ನಾ ಕಾಯ್ತಿದ್ದಿಲ್ಲ."

ಮೇಜಿನ ಸುತ್ತ ಇದ್ದವರೆಲ್ಲ ನಕ್ಕರು. ನನಗೆ ನಗು ಬರಲಿಲ್ಲ. ಪತ್ರದ ಕೊನೆಯಲ್ಲಿದ್ದ ಸಹಿಯನ್ನು ನೋಡುತ್ತಿದ್ದೆ. ಡಾ. ತೇಜಸ್, ಆವಿಷ್ಕಾರಕರು. ಆ ಹೆಸರಿನವನು ಆರು ವರ್ಷದ ಹಿಂದೆ ಇದೇ ಮೇಜಿನ ಬಳಿ ಕೂತು, ನಮ್ಮ ಕೈಯ ಜೋಳದ ರೊಟ್ಟಿ ತಿಂದು, ನಿಂಬೆವ್ವನನ್ನು 'ಅಮ್ಮಾ' ಎಂದು ಕರೆದು ಹೋಗಿದ್ದ.

ಜಾಲಕ್ಕೆ ಸೇರುವ ಯಾವ ಎರಡು ಯಂತ್ರಗಳಾದರೂ ಮೊದಲು ಒಂದು ಮಾತು ಆಡಿಕೊಳ್ಳಬೇಕು. ನಾನು ಇಷ್ಟು ವೇಗದಲ್ಲಿ ಕಳಿಸಬಲ್ಲೆ, ನಿನ್ನಿಂದ ಎಷ್ಟಾಗುತ್ತದೆ ಎಂದು ಒಂದು ಕೇಳುತ್ತದೆ. ನನ್ನಿಂದ ಇಷ್ಟೇ ಎಂದು ಇನ್ನೊಂದು ಹೇಳುತ್ತದೆ. ಎರಡಕ್ಕೂ ಆಗುವ ವೇಗದಲ್ಲಿ ಮುಂದಿನದು. ಪತ್ರ ಬರುವ ಹೊತ್ತಿಗಾಗಲೇ ಆಸ್ಪತ್ರೆ, ನೀರು, ವಿದ್ಯುತ್ತು, ಪಡಿತರ ಎಲ್ಲವೂ ಒಂದೇ ದೊಡ್ಡ ಜಾಲಕ್ಕೆ ಸೇರಿಹೋಗಿದ್ದವು. ಅದರ ನೆಟ್‌ವರ್ಕ್ ಪೆಟ್ಟಿಗೆಗಳೆಲ್ಲ ಕ್ಷಿಪ್ರಜಾಲದವು. ಆ ಹೊಸ ಪೆಟ್ಟಿಗೆಗಳಿಗೆ ಪುರುಸೊತ್ತಿರಲಿಲ್ಲ. ಕಣ್ಣು ಮಿಟುಕಿಸುವುದರೊಳಗೆ ಮೂರು ಸಲ ಕೇಳುತ್ತಿದ್ದವು. ಉತ್ತರ ಬರದಿದ್ದರೆ ಎದುರಿನ ಯಂತ್ರ ಸತ್ತಿದೆ ಎಂದು ಬರೆದುಕೊಂಡು ಬಾಗಿಲು ಹಾಕಿಬಿಡುತ್ತಿದ್ದವು. ತಾಲ್ಲೂಕು ಆಸ್ಪತ್ರೆಗಳ ಹಳೆಯ ಯಂತ್ರಗಳು ಸತ್ತಿರಲಿಲ್ಲ. ಎದ್ದು ಕೂತು ಗಂಟಲು ಸರಿಮಾಡಿಕೊಳ್ಳುತ್ತಿದ್ದವು, ಅಷ್ಟೆ.

ಇವೆರಡರ ನಡುವೆ ಕೂರುವ ಪೆಟ್ಟಿಗೆ ನಮ್ಮದು. ಅದಕ್ಕೆ ನಾವಿಟ್ಟ ಹೆಸರು ಬೀಗತಿ. ಎರಡು ಮನೆಯ ನಡುವೆ ಮಾತು ಕೆಡದಂತೆ ನೋಡಿಕೊಳ್ಳುವವಳು ಆಕೆ ತಾನೆ. ಹೊಸದು ಅವಸರ ಮಾಡಿದರೆ, 'ತಡ ನನ್ನದೇ, ನಾನೇ ನಿಧಾನದವಳು' ಎಂದು ನಮ್ಮ ಬೀಗತಿ ತಪ್ಪನ್ನು ತನ್ನ ಮೇಲೆ ಹಾಕಿಕೊಂಡು ಅದನ್ನು ಕೂರಿಸುತ್ತಿದ್ದಳು. ಹಳೆಯದರ ಕಡೆ ತಿರುಗಿ ಸುಮ್ಮನಿರುತ್ತಿದ್ದಳು. ಅದು ಏಳಲಿ, ತನ್ನ ವೇಗ ತಾನೇ ಹೇಳಲಿ ಎಂದು ಕಾಯುತ್ತಿದ್ದಳು. ಎಷ್ಟು ಹೊತ್ತು ಕಾಯಬೇಕೆಂಬುದೇ ಇಡೀ ಕೆಲಸದ ಗುಟ್ಟು. ಕಡಿಮೆ ಕಾದರೆ ಹಳೆಯದು ಬಾಯಿ ತೆಗೆಯುವ ಮೊದಲೇ ಮಾತು ಮುರಿಯುತ್ತದೆ, ಹೆಚ್ಚು ಕಾದರೆ ಹೊಸದು ಎದ್ದು ಹೋಗುತ್ತದೆ.

ಆ ಹೊತ್ತನ್ನು ನಾವು ಬರೆದಿಟ್ಟದ್ದು ಬಟ್ಟೆಯ ಮೇಲೆ. ಹನ್ನೆರಡು ವರ್ಷದ ಹಿಂದಿನ ಮಾತು. ಗಿರಣಿ ಕಾರ್ಮಿಕರ ರಾತ್ರಿ ಶಾಲೆಯಲ್ಲಿ ನಮಗೆ ಅಕ್ಷರ ಕಲಿಸಿದ ಹಂಚಿನಮನಿ ಮಾಸ್ತರು ಹಗಲು ಪಾಲಿಟೆಕ್ನಿಕ್ಕಿನ ಪ್ರಯೋಗಶಾಲೆಯಲ್ಲಿದ್ದರು. ಶನಿವಾರ ಮಧ್ಯಾಹ್ನ ಅಲ್ಲಿನ ಅಲೆ ತೋರಿಸುವ ಯಂತ್ರವನ್ನು ನಮಗೆ ಬಿಟ್ಟುಕೊಡುತ್ತಿದ್ದರು. ಅದರ ಪರದೆಯ ತುಂಬ ಚೌಕಗಳು. ಹಳೆಯ ಯಂತ್ರ ಮಾತಾಡಿದರೆ ಹಸಿರು ಗೆರೆ ಏಳುತ್ತದೆ, ಸುಮ್ಮನಿದ್ದರೆ ಚಪ್ಪಟೆ ಮಲಗುತ್ತದೆ. ನಮ್ಮಲ್ಲಿ ಅರ್ಧ ಜನಕ್ಕೆ ಆಗ ಓದು ಬರುತ್ತಿರಲಿಲ್ಲ. ಕಸೂತಿ ಎಲ್ಲರಿಗೂ ಬರುತ್ತಿತ್ತು. ಎಳೆ ಎಣಿಸಿ ಹಾಕುವ ಹೊಲಿಗೆ ಅದು, ಒಂದು ತಪ್ಪಿದರೆ ಗೋಪುರದ ಕಳಸ ಓರೆಯಾಗುತ್ತದೆ. ಪರದೆಯ ಒಂದು ಚೌಕಕ್ಕೆ ಬಟ್ಟೆಯಲ್ಲಿ ಒಂದು ಹೊಲಿಗೆ ಎಂದು ಗೊತ್ತುಮಾಡಿ, ಗೆರೆಯನ್ನು ಇದ್ದ ಹಾಗೇ ಬಟ್ಟೆಗೆ ಇಳಿಸಿದವಳು ನಿಂಬೆವ್ವ. ಕೆಂಪು ದಾರದಲ್ಲಿ ಮಾತು, ಬೂದು ದಾರದಲ್ಲಿ ಮೌನ. ಅದರ ಒಂದೊಂದು ಪ್ರತಿ ಪ್ರತಿಯೊಬ್ಬಳ ಮುಂದೆ ಹಾಸಿರುತ್ತಿತ್ತು. ಬಟ್ಟೆ ನೋಡಿ ಪೆಟ್ಟಿಗೆ ಕಟ್ಟುತ್ತಿದ್ದೆವು.

ಮಾಸ್ತರು ಕಾಗದದ ಮೇಲೆ ಲೆಕ್ಕ ಹಾಕಿ ಬೂದು ಹೊಲಿಗೆ ಹತ್ತು ಎಂದಿದ್ದರು. ನಿಂಬೆವ್ವ ಹನ್ನೊಂದು ಹಾಕಿದ್ದಳು. ಮಾಸ್ತರು ನೋಡಿ, "ಒಂದು ಹೆಚ್ಚು ಬಿದ್ದೈತಲ್ಲ ನಿಂಬೆವ್ವ, ಲಕ್ಷ್ಯ ಎಲ್ಲಿತ್ತು?" ಎಂದು ಕೇಳಿದರು. ನಾವೆಲ್ಲ ನಕ್ಕೆವು. ಕಸೂತಿ ಹೋದ ದಾರಿಯಲ್ಲೇ ಮರಳಿ ಬರುವ ಹೊಲಿಗೆ. ನಡುವೆ ಒಂದನ್ನು ಬಿಚ್ಚಿದರೆ ಪೂರ್ತಿ ಸಾಲು ಬಿಚ್ಚಬೇಕು. ಹಾಗಾಗಿ ಇರಲಿ ಎಂದು ಬಿಟ್ಟೆವು. ಹತ್ತು ಕಾಯುವ ಮಾಸ್ತರ ಪೆಟ್ಟಿಗೆ ಮೂರು ಸಲದಲ್ಲಿ ಒಮ್ಮೆ ಕೈಕೊಡುತ್ತಿತ್ತು. ಬೆಸುಗೆ ಸರಿಯಿಲ್ಲ ಎಂದರು. ಬಟ್ಟೆ ನೋಡಿ ಕಟ್ಟಿದ ಪೆಟ್ಟಿಗೆ ಒಮ್ಮೆಯೂ ಕೈಕೊಡಲಿಲ್ಲ. ಒಳ್ಳೇ ತಪ್ಪು ಮಾಡಿದಿ ಬೇ ಎಂದು ನಾವೆಲ್ಲ ಅವಳನ್ನು ಹನ್ನೆರಡು ವರ್ಷ ಕಾಡಿಸಿದೆವು. ಕೋಣೆಯ ಕರಿಹಲಗೆಯ ಮೇಲೆ ಮಾಸ್ತರು ತೀರಿಹೋಗುವ ಮೊದಲು ಬರೆಸಿದ ಸಾಲು ಹಾಗೆಯೇ ಉಳಿದಿತ್ತು: 'ಲೆಕ್ಕ, ಹಂಚಿನಮನಿ ಮಾಸ್ತರು. ಹೊಲಿಗೆ, ನಿಂಬೆವ್ವ.'

ತೇಜಸ್ ಬಂದಾಗ ತರಬೇತಿ ಕೊಡುತ್ತೇವೆ ಎಂದಿದ್ದ. ತರಬೇತಿ ಬರಲಿಲ್ಲ. ಬಟ್ಟೆಯ ಫೋಟೋ ಅವನ ಜೊತೆ ಹೋಯಿತು.

*

ಪೇಟೆಂಟ್ ಕಚೇರಿಯಲ್ಲಿ ನಾವು ಸೋತೆವು. ನಿಮ್ಮ ಹತ್ತಿರ ಕ್ಷಿಪ್ರಜಾಲಕ್ಕಿಂತ ಹಿಂದಿನ ತಾಂತ್ರಿಕ ದಾಖಲೆ ಇಲ್ಲ, ಇರುವುದು ಒಂದು ಅಲಂಕಾರದ ಬಟ್ಟೆ ಎಂದರು. ಮೇಲ್ಮನವಿ ಹಾಕಿದೆವು. ಮೇಲ್ಮನವಿ ಪೀಠ ಧಾರವಾಡದಲ್ಲಿ ಕೂರುವ ದಿನದವರೆಗೆ ಪೆಟ್ಟಿಗೆಗಳು ಇದ್ದಲ್ಲೇ ಇರಲಿ, ಸೋತರೆ ಅದೇ ಸಂಜೆ ಆರಕ್ಕೆ ತೆಗೆಯಬೇಕು ಎಂದು ತಾತ್ಕಾಲಿಕ ಆದೇಶವಾಯಿತು.

ಆ ನಡುವೆ ನಿಂಬೆವ್ವನ ಮೊಮ್ಮಗಳು ಕಸ್ತೂರಿಗೆ ಎರಡು ತಿಂಗಳು ಮೊದಲೇ ಹೆರಿಗೆಯಾಯಿತು. ಜಿಲ್ಲೆಯ ಅಂಚಿನ ತಾಲ್ಲೂಕು ಆಸ್ಪತ್ರೆ. ಹೆಣ್ಣು ಕೂಸು, ಒಂದು ಸೇರು ಅಕ್ಕಿಯಷ್ಟೂ ತೂಕವಿಲ್ಲ. ಹಸುಗೂಸಿನ ವಾರ್ಡಿನಲ್ಲಿ ಕೂಸುಗಳನ್ನು ಬೆಚ್ಚಗಿಡುವ ಹದಿನಾಲ್ಕು ವಾರ್ಮರುಗಳಲ್ಲಿ ಒಂಬತ್ತನೆಯದರಲ್ಲಿ ಮಲಗಿಸಿದ್ದರು. ಹದಿನಾಲ್ಕೂ ಹಳೆಯವು. ಹದಿನಾಲ್ಕಕ್ಕೂ ನಮ್ಮ ಬೀಗತಿ.

ಹುಬ್ಬಳ್ಳಿಯ ನಿಗಾ ಕೋಣೆಗೆ ನಿಂಬೆವ್ವನನ್ನು ನಾನೇ ಕರೆದುಕೊಂಡು ಹೋದೆ. ಗೋಡೆಯ ತುಂಬ ಪರದೆ. ಡಾಕ್ಟರ್ ಮುಕ್ತಾ ಸವಣೂರ ಒಬ್ಬರೇ ಎಂಟು ಆಸ್ಪತ್ರೆಗಳ ಕೂಸುಗಳನ್ನು ಅಲ್ಲಿಂದ ನೋಡಿಕೊಳ್ಳುತ್ತಿದ್ದರು.

"ಅಜ್ಜಿ, ಇದು ನಿಮ್ಮ ಕೂಸಿನ ಉಸಿರು," ಎಂದು ಒಂದು ಗೆರೆ ತೋರಿಸಿದರು. "ಇಷ್ಟು ಮೊದಲ ಹುಟ್ಟಿದ ಕೂಸಿಗೆ ಉಸಿರಾಡೋದು ಆಗಾಗ ಮರೆತು ಹೋಗತದ. ನೋಡ್ರಿ, ಈಗ ಮರೀತು."

ಗೆರೆ ಚಪ್ಪಟೆಯಾಯಿತು. ನಿಂಬೆವ್ವ ನನ್ನ ತೋಳು ಹಿಡಿದಳು. ಡಾಕ್ಟರು ಗಾಬರಿಯಾಗದೆ ಒಂದು ಗುಂಡಿ ಒತ್ತಿದರು. ಎಂಬತ್ತು ಕಿಲೋಮೀಟರ್ ಆಚೆ, ಕೂಸಿನ ಅಂಗಾಲಿನ ಕೆಳಗಿದ್ದ ಸಣ್ಣ ಮೆತ್ತೆ ಎರಡು ಸಲ ತಟ್ಟಿತು. ಗೆರೆ ಮತ್ತೆ ಎದ್ದಿತು.

"ಅಲ್ಲಿ ಇದನ್ನ ಮಾಡಾಕ ಯಾರೂ ಇಲ್ಲೇನ್ರಿ?" ಎಂದು ಕೇಳಿದೆ.

"ಒಬ್ಬ ನರ್ಸು, ಹದಿನಾಲ್ಕು ಕೂಸು. ಎಲ್ಲಾನೂ ಕಣ್ಣಿಟ್ಟು ನೋಡಾಕ ಆಗೂದಿಲ್ಲ. ಗೆರಿ ಇಲ್ಲಿಗೆ ಬರಬೇಕು, ನಮ್ಮ ಉತ್ತರ ಅಲ್ಲಿಗೆ ಮುಟ್ಟಬೇಕು. ನಿಮ್ಮ ಪೆಟ್ಟಿಗಿ ತೆಗೆದ್ರ ಎರಡೂ ನಿಂತು ಹೋಗ್ತಾವು."

"ಇಲ್ಲಿಗ ತರಬಹುದಲ್ಲ ಕೂಸನ್ನ?"

"ಇನ್ನೂ ಹದಿನೈದು ದಿನ ಆ ಹಾದಿ ತಡಕೊಳ್ಳೂದಿಲ್ಲ ಅದು."

ವಿಚಾರಣೆಗೆ ಉಳಿದಿದ್ದದ್ದು ಆರು ದಿನ. ನಿಂಬೆವ್ವ ಪರದೆಯ ಮೇಲಿನ ಗೆರೆಯನ್ನು ಬೆರಳಿನಿಂದ ಎಣಿಸುತ್ತ ನಿಂತಿದ್ದಳು. ಅವಳ ತುಟಿ ಅಲ್ಲಾಡುತ್ತಿತ್ತು. ನಮ್ಮಿಂದ ಕದ್ದದ್ದಕ್ಕೆ ನನಗೆ ಅಷ್ಟು ಸಿಟ್ಟಿರಲಿಲ್ಲ, ನಮ್ಮಿಂದ ಕಿತ್ತುಕೊಂಡವರು ಕಡಿಮೆಯೇ? ಆದರೆ ಕದ್ದದ್ದನ್ನು ಇಟ್ಟುಕೊಂಡು, ಇನ್ನು ಮೇಲೆ ಯಾರೂ ಯಾರಿಗಾಗಿಯೂ ಕಾಯಬಾರದು ಎನ್ನುತ್ತಿದ್ದರಲ್ಲ, ಅದನ್ನು ನನಗೆ ಸಹಿಸಲಾಗಲಿಲ್ಲ.

*

ನಮ್ಮ ವಕೀಲೆ ಶಬಾನಾ ನದಾಫ್ ಮರುದಿನ ನಿಂಬೆವ್ವನ ಮನೆಗೇ ಬಂದರು. ನಿಂಬೆವ್ವ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಪಕ್ಕದ ಮಣೆಯ ಮೇಲೆ ಕೂಸಿಗೆಂದು ಅರ್ಧ ಹೊಲಿದ ಕುಂಚಿಗೆ. ನದಾಫ್ ಚೀಲದಿಂದ ಹಳೆಯ ಪತ್ರಿಕೆಯ ಒಂದು ತುಂಡು ತೆಗೆದರು. ಹನ್ನೆರಡು ವರ್ಷದ ಹಿಂದೆ ಪಾಲಿಟೆಕ್ನಿಕ್ಕಿನ ವಸ್ತುಪ್ರದರ್ಶನದಲ್ಲಿ ನಮ್ಮ ಬಟ್ಟೆ ತೂಗುಹಾಕಿದ್ದಾಗ ಜಿಲ್ಲಾ ಪುಟದಲ್ಲಿ ಬಂದ ಚಿತ್ರ.

"ಬಟ್ಟೆ ಅವರಿಗಿಂತ ಮೊದಲಿನದು ಅಂತ ಇದರಿಂದ ಆತು," ಎಂದರು. "ಆದ್ರ ಅವರು ಇದನ್ನ ಬರೇ ಚಂದಕ್ಕ ಹೊಲಿದ ಬಟ್ಟೆ ಅಂತಾರ. ಇದನ್ನ ಓದಿ ಯಂತ್ರ ಕಟ್ಟಬಹುದು ಅಂತ ತೋರಿಸಬೇಕು. ನೀವು ಕಟ್ಟಿ ತೋರಿಸಿದ್ರ, ನಿಮಗ ಮೊದಲ ಗೊತ್ತಿತ್ತು ಅಂತಾರ."

ಭೂತಗನ್ನಡಿ ಹಿಡಿದು ಚಿತ್ರದ ಬೂದು ಹೊಲಿಗೆ ಎಣಿಸುತ್ತ, "ಇದು ಹನ್ನೊಂದು ಹೌದಲ್ರಿ?" ಎಂದು ಕೇಳಿದರು.

ನಾನು ನಕ್ಕೆ. "ಹತ್ತು ಇರಬೇಕಿತ್ರಿ. ನಮ್ಮ ನಿಂಬೆವ್ವಗ ಆವತ್ತು ಲಕ್ಷ್ಯ ಇರಲಿಲ್ಲ, ಒಂದು ತಪ್ಪಿ ಹಾಕ್ಯಾಳ. ಮಾಸ್ತರ ಲೆಕ್ಕದ ಕಾಗದ ಇನ್ನೂ ಐತಿ."

ನದಾಫರ ಕೈ ನಿಂತಿತು. ನನ್ನನ್ನು ನೋಡಿದರು, ಚೀಲದಿಂದ ಪೇಟೆಂಟಿನ ಪ್ರತಿ ತೆಗೆದರು, ಒಂದು ಪುಟ ಹುಡುಕಿದರು. 'ಗಣಿತದ ಮೂಲಕ ಕಂಡುಹಿಡಿದ ಪ್ರಕಾರ ಮೌನದ ಅವಧಿ ಕರಾರುವಾಕ್ಕಾಗಿ ಹನ್ನೊಂದು. ಹತ್ತು ಸಾಲದು, ಹನ್ನೆರಡು ಹೆಚ್ಚು.'

"ಇದು ತಪ್ಪು ಹೊಲಿಗಿ ಆದ್ರ, ತಪ್ಪು ಇವರ ಗಣಿತದಾಗ ಹೆಂಗ ಬಂತು?" ಎಂದರು. ನಿಧಾನವಾಗಿ, ಒಂದೊಂದೇ ಮಾತು. "ಗಣಿತದಿಂದ ಹತ್ತು ಬರತದ. ಹನ್ನೊಂದು ಬರೋದು ಈ ಬಟ್ಟಿಯಿಂದ ಅಷ್ಟ. ಅಂದ್ರ ಅವರು ಈ ಬಟ್ಟಿನ ಯಂತ್ರದ ನಕ್ಷೆ ಅಂತ ಓದ್ಯಾರ. ಅವರ ಕೈಲೇ ಅದು ಸಿದ್ಧ ಆತು." ಒಲೆಯ ಕಡೆ ತಿರುಗಿದರು. "ಅಜ್ಜಿ, ಹೊಲಿಗಿ ಒಂದು ತಪ್ಪಿತ್ತು ಅಂತ ಪೀಠದ ಮುಂದ ಹೇಳ್ತೀರಾ?"

ನಿಂಬೆವ್ವ ರೊಟ್ಟಿ ತಿರುವಿ ಹಾಕಿದಳು. ಅದು ಉಬ್ಬಿತು, ಕರಿಚುಕ್ಕೆ ಬಿದ್ದಿತು, ಹೊಗೆಯಾಡಿತು. ಅವಳು ಅದನ್ನು ತೆಗೆಯಲಿಲ್ಲ. ಅವಳ ಕೈಯ ರೊಟ್ಟಿ ಸೀದದ್ದನ್ನು ನಾನು ಮೊದಲ ಸಲ ಕಂಡೆ.

"ನಾ ನೋಡಿ ಹಾಕಿದ್ದು ಅಂದ್ರ ಏನಾಗತದ?" ಎಂದಳು.

"ನೋಡಿ ಅಂದ್ರ?"

"ಸುಮ್ನ ಕೇಳ್ದೆ."

"ಸರಿಯಾದ ಸಂಖ್ಯೆ ಅಂದ್ರ, ಸರಿಯಾದದ್ದು ಯಾರಿಗಾದ್ರೂ ಸಿಗತದ, ನಮಗೂ ಸಿಕ್ತು ಅಂತಾರ ಅವ್ರು. ತಪ್ಪಾದ್ರ ಮಾತ್ರ ಕದ್ದದ್ದು ಸಿದ್ಧ ಆಗೋದು."

"ತಪ್ಪು ಅಂದ್ರ ಪೆಟ್ಟಿಗಿ ಉಳಿತಾವ?"

"ಉಳಿಯೋ ಹಾದಿ ಇದೊಂದ ಅಜ್ಜಿ."

ನಿಂಬೆವ್ವ ಸೀದ ರೊಟ್ಟಿಯನ್ನು ತೆಗೆದು ತನ್ನ ತಾಟಿಗೆ ಹಾಕಿಕೊಂಡಳು. "ಏನು ಕೇಳ್ತಾರ ಕೇಳಲಿ," ಎಂದಳು.

*

ಪೀಠದಲ್ಲಿ ಮೂವರು. ನಡುವೆ ಅಧ್ಯಕ್ಷೆ, ಎಡಕ್ಕೆ ಕಾನೂನು ಸದಸ್ಯರು, ಬಲಕ್ಕೆ ಬಿಳಿಗಡ್ಡದ ತಾಂತ್ರಿಕ ಸದಸ್ಯರು. ಆಚೆ ಬೆಂಚಿನಲ್ಲಿ ಕ್ಷಿಪ್ರಜಾಲದ ಏಳು ಜನ, ಅವರ ಹಿರಿಯ ವಕೀಲ ವರದನ್, ಮತ್ತು ತೇಜಸ್. ತೇಜಸ್ ನಮ್ಮ ಕಡೆ ನೋಡಲಿಲ್ಲ.

ವಿಚಾರಣೆ ಶುರುವಾಗುವ ಮೊದಲು ವರದನ್ ಪಡಸಾಲೆಯಲ್ಲಿ ನಮ್ಮ ಹತ್ತಿರ ಬಂದರು. ಬಹಳ ಮೆತ್ತನೆಯ ದನಿ.

"ಮಗುವಿನ ವಿಷಯ ಕೇಳಿದೆ, ತುಂಬಾ ಬೇಜಾರಾಯ್ತು. ಸಂಸ್ಥೆಗೂ ಹೃದಯ ಇದೆಯಮ್ಮ. ಒಂಬತ್ತನೇ ವಾರ್ಮರಿನ ಪೆಟ್ಟಿಗೆಗೆ ಕಾಯುವ ಅನುಮತಿಯನ್ನ ಪುಕ್ಕಟೆಯಾಗಿ, ಶಾಶ್ವತವಾಗಿ ಕೊಟ್ಟುಬಿಡ್ತೀವಿ. ಇಲ್ಲೇ ಪತ್ರ ಸಿದ್ಧ ಇದೆ. ನೀವು ಮೇಲ್ಮನವಿ ವಾಪಸ್ ತಗೊಳ್ಳಿ, ಬಟ್ಟೆ ಬರೀ ಅಲಂಕಾರದ್ದು ಅಂತ ಒಂದು ಸಹಿ ಹಾಕಿ."

"ಉಳಿದ ಹದಿಮೂರು?" ಎಂದೆ.

"ಒಂದೊಂದಾಗಿ ನೋಡೋಣ."

ನಾನು ಬಾಯಿಬಿಟ್ಟರೆ ಏನು ಬರುತ್ತಿತ್ತೋ. ಆದರೆ ಇದು ನನ್ನ ಕೂಸಲ್ಲ. ನಿಂಬೆವ್ವ ಫೋನು ತೆಗೆದು ಕಸ್ತೂರಿಗೆ ಹಚ್ಚಿ, ಎಲ್ಲ ಹೇಳಿ, ಎಲ್ಲರಿಗೂ ಕೇಳುವ ಹಾಗೆ ಹಿಡಿದಳು. ಆ ಕಡೆ ವಾರ್ಡಿನ ಸದ್ದು, ಯಾವುದೋ ಕೂಸಿನ ಸಣ್ಣ ಅಳು.

"ಯಮ್ಮಾ," ಎಂದಳು ಕಸ್ತೂರಿ, "ಹತ್ತನೇ ನಂಬರಿನ ಕೂಸಿನ ತಾಯಿ ನಾ ಮಲಗಿದಾಗ ನನ್ನ ಕೂಸನ್ನೂ ನೋಡ್ತಾಳ. ಆಕಿ ಮಲಗಿದಾಗ ನಾ ನೋಡ್ತೀನಿ. ಸಂಜಿಕ ಆಕಿ ಪೆಟ್ಟಿಗಿ ಕಿತ್ತಾಕ ಬಂದಾಗ ನಾ ಎಲ್ಲಿ ನೋಡ್ಲಿ ಹೇಳು? ಬ್ಯಾಡ. ಆ ಮನಶ್ಯಾಗ ಬ್ಯಾಡ ಅಂತ ಹೇಳು."

ಆಮೇಲೆ ಅತ್ತಳು. ಅಳುತ್ತಲೇ, "ಆದ್ರ ನೀ ಗೆದ್ದು ಬಾ," ಎಂದಳು.

ವರದನ್ ಪತ್ರ ಮಡಿಚಿ ಜೇಬಿಗಿಟ್ಟುಕೊಂಡರು.

ಒಳಗೆ ಅವರ ದನಿ ಮೆತ್ತಗಿರಲಿಲ್ಲ. "ಗೌರವಾನ್ವಿತ ಪೀಠ ಗಮನಿಸಬೇಕು. ಇದು ಹೂಬಳ್ಳಿಯಂಥ ಒಂದು ಅಂಚು. ಇದನ್ನು ತಾಂತ್ರಿಕ ದಾಖಲೆ ಎನ್ನುವುದಾದರೆ ನಾಳೆ ಪ್ರತಿಯೊಂದು ಸೀರೆಯೂ ಪೇಟೆಂಟನ್ನು ತಡೆಯುತ್ತದೆ." ಅವರ ಬೆಂಚಿನವರು ನಕ್ಕರು.

ನದಾಫ್ ನಗು ನಿಲ್ಲುವವರೆಗೆ ಕಾದರು. ಅನಂತರ ನಿಂಬೆವ್ವನನ್ನು ಕರೆದರು.

"ಈ ಬಟ್ಟೆ ಹೊಲಿದವರು ನೀವೇ?"

"ಹೌದ್ರಿ."

"ನಿಮ್ಮ ಮಾಸ್ತರರ ಲೆಕ್ಕದಲ್ಲಿ ಬೂದು ಹೊಲಿಗೆ ಎಷ್ಟು?"

"ಹತ್ತು ಅಂದಿದ್ರು."

"ಬಟ್ಟೆಯಲ್ಲಿ?"

"ಹನ್ನೊಂದು ಐತ್ರಿ. ಅವರ ಲೆಕ್ಕಕ್ಕಿಂತ ಒಂದು ಹೆಚ್ಚು."

ಅಧ್ಯಕ್ಷೆ ಮುಂದೆ ಬಾಗಿದರು. "ಅದು ಎಣಿಕೆಯಲ್ಲಿ ಆದ ತಪ್ಪೇ, ತಾಯಿ?"

ನಿಂಬೆವ್ವ ಕಟಕಟೆಯ ಮರವನ್ನು ಹಿಡಿದುಕೊಂಡಳು. ಅವಳ ಬೆರಳಿನ ಗೆಣ್ಣುಗಳು ಬೆಳ್ಳಗಾದದ್ದು ನನಗೆ ಕಂಡಿತು. ಮುದುಕಿಗೆ ಮರ್ಯಾದೆ ಹೋಯಿತೆಂದು ನೋವಾಗುತ್ತಿದೆ ಎಂದುಕೊಂಡೆ. ಅಷ್ಟೇ ಅಂದುಕೊಂಡೆ.

"ಎಲ್ಲಾರೂ ತಪ್ಪು ಅಂತಾರ್ರಿ," ಎಂದಳು. "ಹನ್ನೆರಡು ವರ್ಷದಿಂದ ಅನಕೋತ ಬಂದಾರ. ಇಲ್ಲಿ ಕುಂತಾಳಲ್ಲ ನಮ್ಮ ಗುರುಬಸಕ್ಕ, ಆಕಿನೂ ಅಂತಾಳ."

ಮಾಸ್ತರ ಲೆಕ್ಕದ ಕಾಗದ, ಪತ್ರಿಕೆಯ ಚಿತ್ರ ಎರಡನ್ನೂ ನದಾಫ್ ಪೀಠದ ಮುಂದಿಟ್ಟರು. ತಾಂತ್ರಿಕ ಸದಸ್ಯರು ಕಾಗದವನ್ನು ಓದಿ, ಚಿತ್ರವನ್ನು ಭೂತಗನ್ನಡಿಯಲ್ಲಿ ನೋಡಿ, ತೇಜಸ್‌ನನ್ನು ಕರೆದರು. ಗೋಡೆಯ ಬಿಳಿಹಲಗೆ ತೋರಿಸಿದರು.

"ಡಾಕ್ಟರ್, ಹನ್ನೊಂದನ್ನು ಹೇಗೆ ಕಂಡುಹಿಡಿದಿರಿ? ಮಾಡಿ ತೋರಿಸಿ."

ತೇಜಸ್ ಬರೆದ. ಉದ್ದವಾಗಿ ಬರೆದ. ಹಲಗೆಯ ಕೆಳತುದಿಗೆ ಬಂದಾಗ ಅವನ ಕೈ ನಿಧಾನವಾಯಿತು. ಅಲ್ಲಿ ಬಂದದ್ದು ಒಂಬತ್ತೂ ಮುಕ್ಕಾಲು.

"ಹತ್ತು ಎಂದುಕೊಳ್ಳೋಣ," ಎಂದರು ಸದಸ್ಯರು. "ನಿಮ್ಮ ಪೇಟೆಂಟಿನಲ್ಲಿ ಹತ್ತು ಸಾಲದು ಎಂದಿದೆಯಲ್ಲ."

"ಸುರಕ್ಷತೆಗಾಗಿ ಒಂದು ಸೇರಿಸಿದ್ದೇವೆ ಸರ್."

"ಸುರಕ್ಷತೆಗಾದರೆ ಹನ್ನೆರಡು ಇನ್ನೂ ಒಳ್ಳೆಯದು. ಹನ್ನೆರಡು ಹೆಚ್ಚು ಎಂದು ನೀವೇ ಬರೆದಿದ್ದೀರಿ. ಪರೀಕ್ಷೆ ಮಾಡಿದ ದಾಖಲೆ ಇದೆಯೇ?"

ತೇಜಸ್ ವರದನ್ ಕಡೆ ನೋಡಿದ. ವರದನ್ ಫೈಲಿನ ಕಡೆ ನೋಡಿದರು. ದಾಖಲೆ ಇರಲಿಲ್ಲ. ಅವರ ಪ್ರಯೋಗಶಾಲೆಯಲ್ಲಿ ಹಳೆಯ ವಾರ್ಮರ್ ಒಂದೂ ಇರಲಿಲ್ಲವಂತೆ.

ನದಾಫ್ ಎದ್ದರು. "ಬಟ್ಟೆ ಬರೀ ಅಲಂಕಾರವಾದರೆ, ಅಲಂಕಾರದಲ್ಲಿ ಆದ ಒಂದು ಹೊಲಿಗೆಯ ತಪ್ಪು ಇವರ ಪೇಟೆಂಟಿನೊಳಗೆ ಹೇಗೆ ಹೋಯಿತು? ನನ್ನದು ಇಷ್ಟೇ ಪ್ರಶ್ನೆ."

ತೇಜಸ್ ಆಗ ಮೊದಲ ಸಲ ನಮ್ಮ ಕಡೆ ನೋಡಿದ. ನಿಂಬೆವ್ವ ಅವನನ್ನೇ ನೋಡುತ್ತಿದ್ದಳು. "ರೊಟ್ಟಿ ಚಲೋ ಇದ್ವಲ್ಲ ತಮ್ಮಾ?" ಎಂದಳು, ದೊಡ್ಡ ದನಿಯಲ್ಲೇನೂ ಅಲ್ಲ. ಅಧ್ಯಕ್ಷೆ ಅವಳನ್ನು ಗದರಿಸಲಿಲ್ಲ.

ನಾಲ್ಕೂವರೆಗೆ ಆದೇಶದ ಮುಖ್ಯ ಭಾಗ ಓದಿದರು. ಪೇಟೆಂಟ್ ರದ್ದು. ಪೆಟ್ಟಿಗೆಗಳು ಇದ್ದಲ್ಲೇ ಇರತಕ್ಕದ್ದು. ಕ್ಷಿಪ್ರಜಾಲ ಬೇಕಾದರೆ ತೊಂಬತ್ತು ದಿನದೊಳಗೆ ಮೇಲಿನ ನ್ಯಾಯಾಲಯಕ್ಕೆ ಹೋಗಬಹುದು.

ಹೊರಗೆ ಬಂದು ಡಾಕ್ಟರ್ ಮುಕ್ತಾಗೆ ಫೋನು ಮಾಡಿದೆ. "ಗೆರಿ ಏಳಾಕತ್ತದ," ಎಂದರು. "ಹದಿನಾಲ್ಕೂ."

*

ಪೂರ್ತಿ ಆದೇಶದ ಪ್ರತಿ ಬರಲು ಎರಡು ವಾರವಾಯಿತು. ಅಷ್ಟರಲ್ಲಿ ಕೂಸು ಉಸಿರಾಡುವುದನ್ನು ಮರೆಯುವುದು ಕಡಿಮೆಯಾಗಿತ್ತು. ಸಂಘದ ಮೇಜಿನ ಸುತ್ತ ಎಲ್ಲರೂ ಕೂತರು. ನಾನು ಓದಿದೆ. ಇಪ್ಪತ್ತೆರಡನೆಯ ಪುಟದಲ್ಲಿ ಹೀಗಿತ್ತು:

"ಹನ್ನೊಂದು ಎಂಬ ಸಂಖ್ಯೆಯು ಅಕ್ಷರಸ್ಥರಲ್ಲದ ಒಬ್ಬ ಕಸೂತಿ ಕೆಲಸದವರ ಎಣಿಕೆಯ ತಪ್ಪಿನಿಂದ ಹುಟ್ಟಿದ್ದು. ಪ್ರತಿವಾದಿ ಸಂಸ್ಥೆಯು ಆ ತಪ್ಪನ್ನೇ ನಕಲು ಮಾಡಿದೆ. ಹಾಗಾಗಿ ಇದು ಯಾರ ಆವಿಷ್ಕಾರವೂ ಅಲ್ಲ."

ಎಲ್ಲರೂ ಚಪ್ಪಾಳೆ ತಟ್ಟಿದರು. ನಿಂಬೆವ್ವ ತಟ್ಟಲಿಲ್ಲ.

"ಇನ್ನೊಮ್ಮೆ ಓದ ಬೇ."

ಓದಿದೆ.

ಅವಳು ಎದ್ದು, ಬೀರುವಿನಿಂದ ಮೂಲ ಬಟ್ಟೆಯನ್ನು ತಂದು ಮೇಜಿನ ಮೇಲೆ ನನ್ನ ಮುಂದೆ ಹಾಸಿದಳು.

"ನಾ ಎಂಟು ವರ್ಷದಾಕಿದ್ದಾಗಿಂದ ಕಸೂತಿ ಹಾಕ್ತೀನಿ. ನನ್ನ ಹೊಲಿಗಿ ಎಲ್ಲ್ಯಾದ್ರೂ ಒಂದು ತಪ್ಪಿದ್ದು ನೋಡೀಯೇನು?"

ನಾನು ಬಟ್ಟೆಯ ಬೂದು ಸಾಲನ್ನು ನೋಡಿದೆ.

"ಆವತ್ತು ಆ ಹಸಿರು ಗೆರಿ ಹನ್ನೊಂದು ಚೌಕ ಮಲಗಿತ್ತು. ಮೂರು ಸಲ ಎಣಿಸಿದೆ. ಹನ್ನೊಂದ. ಮಾಸ್ತರು ಕಾಗದದ ಮ್ಯಾಲ ಎಣಿಸಿದ್ರು. ಪರದಿ ಮ್ಯಾಲ ಅವರು ಎಣಿಸಲೇ ಇಲ್ಲ. ಹೇಳಬೇಕಂತ ಬಾಯಿ ತೆಗದೆ, ನೀ ಮೊದಲ ನಕ್ಕಿ. ನೀ ನಕ್ಕಿದ್ದು ನೋಡಿ ಎಲ್ಲಾರೂ ನಕ್ರು."

"ಕೋರ್ಟಿನಾಗ ಯಾಕ ಹೇಳಲಿಲ್ಲ?" ಕೇಳುವಾಗಲೇ ಉತ್ತರ ನನಗೆ ಗೊತ್ತಿತ್ತು.

"ಹೇಳಿದ್ರ ಕೂಸು?" ಎಂದಳು. "ನಾ ಕೋರ್ಟಿನಾಗ ಸುಳ್ಳೂ ಹೇಳಿಲ್ಲ. ಎಲ್ಲಾರೂ ತಪ್ಪು ಅಂತಾರ ಅಂದೆ. ಅಂದಿಲ್ಲೇನು ನೀವು? ಕದ್ದಾಂವ ನನ್ನ ಕಣ್ಣು ನಂಬಿದ. ನೀವು ನಂಬಲಿಲ್ಲ."

ಅವಳ ದನಿ ಏರಲಿಲ್ಲ. ಏರಿದ್ದರೆ ಚೆನ್ನಾಗಿತ್ತು.

ಮರುದಿನ ನಾನು ಒಬ್ಬಳೇ ಪಾಲಿಟೆಕ್ನಿಕ್ಕಿಗೆ ಹೋದೆ. ಆ ಅಲೆಯ ಯಂತ್ರ ಇನ್ನೂ ಮೂಲೆಯಲ್ಲಿತ್ತು. ಸಂಘದಲ್ಲಿದ್ದ ಹಳೆಯ ವಾರ್ಮರಿನ ಸರ್ಕ್ಯೂಟ್ ಹಲಗೆಯನ್ನು ಅದಕ್ಕೆ ಜೋಡಿಸಿದೆ. ಗೆರೆ ಎದ್ದು, ಮಲಗಿ, ಮತ್ತೆ ಎದ್ದಿತು. ಮಲಗಿದ ಭಾಗವನ್ನು ಬೆರಳಿಟ್ಟು ಎಣಿಸಿದೆ. ಐದು ಸಲ ಎಣಿಸಿದೆ, ಐದು ಸಲವೂ ಹನ್ನೊಂದು. ಹನ್ನೆರಡು ವರ್ಷದಲ್ಲಿ ಯಾವ ಶನಿವಾರವಾದರೂ ನಾನು ಹೀಗೆ ಎಣಿಸಬಹುದಿತ್ತು. ಕ್ಷಿಪ್ರಜಾಲದ ಮೇಲೆ ಇಷ್ಟು ದಿನ ಸಿಟ್ಟು ಮಾಡಿದ ಬಾಯಿಗೆ ಆವತ್ತು ನನ್ನನ್ನು ಬಯ್ಯಲು ಮಾತು ಸಿಗಲಿಲ್ಲ.

ಆದೇಶವನ್ನು ತಿದ್ದಿಸಲು ಹೋಗುವ ಹಾಗಿರಲಿಲ್ಲ. ಸತ್ಯ ಹೊರಬಂದರೆ ಕ್ಷಿಪ್ರಜಾಲ ಅದನ್ನೇ ಹಿಡಿದು ಮೇಲೆ ಹೋಗುತ್ತದೆ ಎಂದು ನದಾಫ್ ಹೇಳಿದರು. ನಿಂಬೆವ್ವನಿಗೆ ತಿಳಿಸಿದೆ.

"ತೊಂಬತ್ತು ದಿನ ಅಲ್ಲೇನು? ಕಾಯ್ತೀನಿ," ಎಂದಳು. "ಈಗ ಅದಕ್ಕ ಒಡ್ಯಾ ಯಾರೂ ಇಲ್ಲಲ್ಲ."

ಕ್ಷಿಪ್ರಜಾಲ ಮೇಲೆ ಹೋಗಲಿಲ್ಲ. ತೊಂಬತ್ತೊಂದನೆಯ ದಿನ ಬೆಳಿಗ್ಗೆ ಎಲ್ಲರಿಗಿಂತ ಮೊದಲು ನಾನು ಸಂಘದ ಬಾಗಿಲು ತೆಗೆದೆ. ಒದ್ದೆ ಬಟ್ಟೆ ಹಿಡಿದು ಕರಿಹಲಗೆಯ ಮುಂದೆ ನಿಂತಿದ್ದಾಗ ನಿಂಬೆವ್ವ ಬಂದಳು. ಹೆಗಲ ಮೇಲೆ ಕುಂಚಿಗೆ ತೊಟ್ಟ ಕೂಸು, ಹಿಂದೆ ಕಸ್ತೂರಿ.

"ಏನ್ ಮಾಡಾಕತ್ತಿ?"

"ಮಾಸ್ತರ ಹೆಸರು ಅಳಸ್ತೀನಿ."

"ಬ್ಯಾಡ. ನಮಗ ಅಕ್ಷರ ಕಲಿಸಿದ ಮನಶ್ಯಾ. ಇರಲಿ." ಕೂಸನ್ನು ಇನ್ನೊಂದು ಹೆಗಲಿಗೆ ಸರಿಸಿಕೊಂಡಳು. "ಅವರ ಹೆಸರಿನ ಮುಂದ 'ಹತ್ತು' ಅಂತ ಬರಿ. ನನ್ನ ಹೆಸರಿನ ಹಿಂದಿರೋ 'ಹೊಲಿಗೆ' ಅನ್ನೋದನ್ನಷ್ಟ ಅಳಿಸು."

ಅಳಿಸಿದೆ. ಆ ಜಾಗದಲ್ಲಿ ಏನು ಬರೆಯಬೇಕೆಂದೂ ಅವಳೇ ಹೇಳಿದಳು. ಸೀಮೆಸುಣ್ಣ ತೆಗೆದುಕೊಂಡು ಅವಳು ಹೇಳಿದ ಹಾಗೆ, ಅವಳ ಮುಂದೆಯೇ ಬರೆದೆ. ಇವತ್ತಿಗೂ ಅದು ಹಾಗೇ ಇದೆ:

ಲೆಕ್ಕ, ಹಂಚಿನಮನಿ ಮಾಸ್ತರು. ಹತ್ತು.

ಎಣಿಕೆ, ನಿಂಬೆವ್ವ. ಹನ್ನೊಂದು.